ಹಣೆಯ ಬೂದಿ

ಫೆಬ್ರವರಿ 17, 1988. ಬೂದಿ ಬುಧವಾರ. ಲಂಡನ್.

ನಾನು ಮದುವೆಯಾಗಲಿರುವ ಕ್ರಿಸ್ಪಿನ್‌ನ ಅಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಕ್ಯಾಥೊಲಿಕರಾದ ನಮಗಿಂದು ಉಪವಾಸ, ಮಾಂಸ ಮುಟ್ಟುವಂತಿಲ್ಲ ಎಂದು ಗೊತ್ತಿದ್ದೂ ಕುರಿಮಾಂಸ ಮಾಡಿಸಿದ್ದರು. ನಾನು ಬರೀ ಆಲೂಗಡ್ಡೆ ತಿಂದೆ.

"ಮದುವೆಗೆ ಮುಂಚೆ ನಮ್ಮ ಆಂಗ್ಲಿಕನ್ ಚರ್ಚಿಗೆ ಸೇರಿಬಿಡಮ್ಮ," ಎಂದರು. "ಕ್ಯಾಥೊಲಿಕ್ ಹುಡುಗೀನ ಕಟ್ಕೊಂಡ್ರೆ ಇಂಗ್ಲೆಂಡಿನ ಸಿಂಹಾಸನಕ್ಕೆ ಹಕ್ಕಿರೋರ ಸಾಲಿಂದ ಇವನ ಹೆಸರು ಹೊಡೆದುಹಾಕ್ತಾರೆ."

"ದೇವರೇ ಇಲ್ಲ ಅನ್ನೋಳನ್ನ ಕಟ್ಕೊಂಡ್ರೆ?"

"ಅದಕ್ಕೇನೂ ಅಡ್ಡಿಯಿಲ್ಲ. ಕಾನೂನು ಬೇಡ ಅನ್ನೋದು ನಿಮ್ಮೋರನ್ನ ಮಾತ್ರ."

ಮುನ್ನೂರು ವರ್ಷದ ಹಗೆಯನ್ನು ಎಷ್ಟು ಸಲೀಸಾಗಿ ಬಡಿಸಿದರು! ಆ ಸಾಲಿನಲ್ಲಿ ಇವನ ಮುಂದೆ ಇನ್ನೂ ಮೂವತ್ತು ಜನ ಇದ್ದಾರೆ. ಅಷ್ಟೂ ಜನ ಸತ್ತರೆ ಇವನು ರಾಜ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ನೀನು ಯಾವತ್ತಾದ್ರೂ ರಾಜ ಆಗ್ತೀಯೇನೋ?"

"ಎಲ್ಲಿ ಬಂತು! ನಗಿಸಬೇಡ."

"ಹಾಗಾದ್ರೆ ಆ ಸಾಲು ಬಿಟ್ಟುಬಿಡು."

ಅವನು ಕೈಚಾಚಿ ರೇಡಿಯೊ ಹಾಕಿದ. ಬಿಡುವುದಿಲ್ಲ. ಇವನಿಗೂ ಅದು ಬೇಕು.

ಈಗ ಕನ್ನಡಿ ನೋಡಿದೆ. ಬೆಳಗ್ಗೆ ಪಾದ್ರಿಗಳು ಹಣೆಗಿಟ್ಟ ಬೂದಿಯ ಶಿಲುಬೆ ಇಲ್ಲ. ಅವರಮ್ಮನ ಮನೆ ಬಾಗಿಲಲ್ಲಿ, ಒಳಗೆ ಹೋಗುವ ಮುಂಚೆ, ಕ್ರಿಸ್ಪಿನ್ ಕರವಸ್ತ್ರ ತೆಗೆದು ಅದನ್ನು ಒರೆಸಿದ್ದ, ಮಗುವಿನ ಮೂತಿ ಒರೆಸುವಷ್ಟು ಮೆತ್ತಗೆ.

ನಾನೂ ಮುಖ ಎತ್ತಿ ಕೊಟ್ಟಿದ್ದೆ.