ತೊಳೆದ ಅಂಗಿ

ಕ್ರೌನ್‌ಪಾಯಿಂಟ್
ಅಕ್ಟೋಬರ್ 11, 1983

ಪ್ರೀತಿಯ ತಮ್ಮ ವಿಲ್ಬರ್ಟ್,

ಚಳಿ, ಕುರಿ, ಅವ್ವನ ಮೊಣಕಾಲು ಇಷ್ಟನ್ನೇ ಬರೆದು ಮುಗಿಸುವವಳಿದ್ದೆ. ನಿನ್ನ ಅಂಗಿಯ ವಿಷಯ ಬಿಟ್ಟೇಬಿಡುತ್ತಿದ್ದೆ. ಮೂರು ವಾರ ಉತ್ತರ ಬರೆಯದೆ ಇದ್ದದ್ದೂ ಅದಕ್ಕೇ. ಕೆಲಸವಿತ್ತು ಎಂದು ನೆಪ ಹೇಳುವುದಿಲ್ಲ.

ಹಳಿಯ ಮೇಲೆ ಸತ್ತ ನಿನ್ನ ಜೊತೆಗಾರನನ್ನು (ಸತ್ತವರ ಹೆಸರು ಬರೆಯುವುದಿಲ್ಲ, ನೀನೂ ಹೇಳಬೇಡ) ನೀನೇ ಕೈಯಾರೆ ಎತ್ತಿದೆ ಎಂದು ತಿಳಿದಾಗಿನಿಂದ ಅವ್ವನಿಗೆ ಊಟ ಸೇರುತ್ತಿರಲಿಲ್ಲ. ಊರಿಗೆ ಬರಲು ನಿನಗೆ ಮೇಸ್ತ್ರಿ ರಜೆ ಕೊಡಲಿಲ್ಲ. ಹೆಣ ಮುಟ್ಟಿದ ದೋಷ ಕಳೆಯುವ ಹಾಡನ್ನು, ನೀನಿಲ್ಲದಿದ್ದರೂ ನಿನ್ನ ಬೆವರಿನ ಮೇಲಾದರೂ ಅವ್ವ ಹಾಡಿಸಲಿ ಎಂದು ಮೈಮೇಲಿದ್ದ ಅಂಗಿಯನ್ನೇ ಕಳುಹಿಸಿದೆ. ಪೊಟ್ಟಣ ಬಿಚ್ಚಿದವಳು ನಾನು. ಯೋಚಿಸದೆ ಸೋಪು ಹಾಕಿ ತೊಳೆದು, ಇಸ್ತ್ರಿ ಮಾಡಿ ಮಡಿಸಿಟ್ಟೆ. ಬೋರ್ಡಿಂಗ್ ಶಾಲೆಯಲ್ಲಿ ಪಳಗಿದ ಕೈ.

ಹಾಡುಗಾರ ತಾತ ಬಂದು ಅಂಗಿಯನ್ನು ಮೂಗಿಗೆ ಹಿಡಿದ. “ಇದ್ಯಾರದವ್ವ, ರೈಲಿನವಂದೋ ಪಾದ್ರಿದೋ?”

“ನನ್ ಮಗ ಅಲ್ಲೂ ದಿನಾ ಸ್ನಾನ ಮಾಡ್ತಾನೆ,” ಅಂದಳು ಅವ್ವ.

“ಹಂಗಾದ್ರೆ ಬೇಗ ಹೆಣ್ಣು ಸಿಗ್ತದೆ ಬಿಡು.”

ಎಲ್ಲರೂ ನಕ್ಕರು. ತಾತ ಮಾತ್ರ ನನ್ನ ಕಡೆ ತಿರುಗಿ, “ಇದರೊಳಗೆ ಅವನಿದ್ದಾನೇನವ್ವ?” ಎಂದು ಕೇಳಿದ.

“ಇದ್ದಾನೆ ತಾತ,” ಅಂದೆ.

ತಾತ ಅಂಗಿಯ ಮೇಲೆ ಮೆಕ್ಕೆಜೋಳದ ಪರಾಗ ಉದುರಿಸಿ, ಗಂಟಲು ಕಟ್ಟುವವರೆಗೆ ಹಾಡಿದ. ಅಷ್ಟು ಹೊತ್ತೂ ನನಗೆ ಸೋಪಿನ ವಾಸನೆಯೇ ಬರುತ್ತಿತ್ತು.

ಆಮೇಲೆ ಬಂತು ನಿನ್ನ ಪತ್ರ: ‘ಸತ್ತವನ ಶಿಳ್ಳೆ ಇನ್ನೂ ಬೆನ್ನಹಿಂದೆ ಕೇಳಿಸುತ್ತೆ, ಹಾಡು ನನ್ ತನಕ ಬಂದಿಲ್ಲ ಅಕ್ಕಾ.’ ಈ ಹಾಡುಗಳನ್ನು ನಾನು ಎಷ್ಟು ನಂಬುತ್ತೇನೋ ನನಗೇ ತಿಳಿಯದು. ನಂಬದವಳಾಗಿದ್ದರೆ ಇಷ್ಟು ದಣಿಯುತ್ತಿರಲಿಲ್ಲ ಅನ್ನಿಸುತ್ತದೆ. ಇನ್ನೊಂದು ಅಂಗಿ ಕಳುಹಿಸು. ವಾರವಿಡೀ ತೊಟ್ಟು ಹಾಗೆಯೇ ಕಟ್ಟು. ಪೊಟ್ಟಣದ ಮೇಲೆ ಅವ್ವನ ಹೆಸರು ಬರೆ, ನನ್ನದು ಬೇಡ.

ಹಳಿಯ ಮೇಲಾಗಲಿ ಮಣ್ಣಿನ ಮೇಲಾಗಲಿ, ನೀನಿಡುವ ಹೆಜ್ಜೆ ನೆಟ್ಟಗೆ ಬೀಳಲಿ.

ನಿನ್ನ ಅಕ್ಕ,
ಅರ್ಲೀನ್

ಮರೆತ ಮಾತು: ಯೋಚಿಸದೆ ತೊಳೆದೆ ಎಂದು ಮೇಲೆ ಬರೆದದ್ದು ನಿಜವಲ್ಲ. ಅದನ್ನು ತೊಳೆಯಬಾರದೆಂದು ಗೊತ್ತಿತ್ತು. ಅಂಗಿಗೆ ಹಳಿಯ ಮರದ ದಿಮ್ಮಿಗೆ ಬಳಿಯುವ ಎಣ್ಣೆಯ ವಾಸನೆ, ಅಪ್ಪನ ವಾಸನೆ. ನನಗೆ ಒಂಬತ್ತು ವರ್ಷವಿದ್ದಾಗ ಅವನು ಹಳಿಯ ಕೆಲಸದಿಂದ ನೇರ ಶಾಲೆಗೆ ಬಂದಿದ್ದ. ಹುಡುಗಿಯರು ಮೂಗು ಮುಚ್ಚಿಕೊಂಡರು. “ಇವರು ಯಾರು?” ಎಂದು ಟೀಚರ್ ಕೇಳಿದರು. “ಗೊತ್ತಿಲ್ಲ,” ಅಂದೆ, ಇಂಗ್ಲಿಷಿನಲ್ಲಿ. ಅಷ್ಟು ಇಂಗ್ಲಿಷ್ ಅಪ್ಪನಿಗೆ ಬರುತ್ತಿತ್ತು.

ಗುರುವಾರ ಅವ್ವನಿಗೂ ತಾತನಿಗೂ ಅಂಗಿಯ ವಿಷಯ ಹೇಳುತ್ತೇನೆ. ಹೇಳಿದ ಮೇಲೆಯೇ ಇದನ್ನು ಅಂಚೆಗೆ ಹಾಕುವುದು: ಶುಕ್ರವಾರ, ಅಕ್ಟೋಬರ್ 14.