ತೊಂಬತ್ತಾರು ಸಾವಿರದ ಡ್ವೇನ್‌ಗೆ

ಬ್ಯಾಂಕಿನ ಮುಂದೆ ವರ್ಷಕ್ಕೆ ತೊಂಬತ್ತಾರು ಸಾವಿರ ಡಾಲರಿನ ಧಣಿಯೂ, ಕೋರ್ಟಿನ ಮುಂದೆ ಇಪ್ಪತ್ತನಾಲ್ಕು ಸಾವಿರದ ಬಡಪಾಯಿಯೂ ಆದ ಡ್ವೇನ್‌ಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಲ್ಲ ಎಂಬುದನ್ನು ಮೊನ್ನೆ ಶುಕ್ರವಾರ ಕಣ್ಣಾರೆ ಕಂಡೆ. ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ನೀನು ಹಿಂದಿನಿಂದ ಬಂದು ಯಾರಿಗೂ ಕೇಳದ ಹಾಗೆ ಅಂದೆಯಲ್ಲ: "ಬರ್ನಿ, ನಿನ್ನ ಕಾಲಿಗೆ ಬೀಳ್ತೀನಿ. ಮಂಗಳವಾರ ಜಡ್ಜ್ ಮುಂದೆ ಒಂದೇ ಒಂದು ಮಾತು ಹೇಳು. ಕ್ರೆಡಿಟ್ ಕಾರ್ಡಿನ ಅರ್ಜೀಲಿ ನಾನು ಯಾವಾಗ್ಲೂ ಬೊಗಳೆ ಬಿಡ್ತಿದ್ದೆ ಅಂತ. ನಿಂಗೆ ಗೊತ್ತಲ್ಲ!" ವಿಚ್ಛೇದನಕ್ಕೆ ಮುಂಚಿನ ಹನ್ನೊಂದು ವರ್ಷದ ಸಂಸಾರದಲ್ಲಿ ನಿನ್ನ ಬಾಯಿಂದ ಅಂಥ ಮಾತು ಬಂದದ್ದಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಎರಡು ಸಲ ಮೀನು ಹಾಕಿಸಿಕೊಂಡು ತಿಂದೆ.

ಗೊತ್ತು ಮಾರಾಯ, ಚೆನ್ನಾಗಿಯೇ ಗೊತ್ತು. ಮದುವೆಯಾದ ವರ್ಷ ಇಬ್ಬರೂ ಕ್ರೆಡಿಟ್ ಕಾರ್ಡಿಗೆ ಅರ್ಜಿ ತುಂಬಲು ಅಡುಗೆಮನೆಯ ಮೇಜಿಗೆ ಕೂತಿದ್ದೆವು. ಶಾಲೆಯ ಊಟದ ಮನೆಯಲ್ಲಿ ನನಗೆ ಬರುತ್ತಿದ್ದ ಸಂಬಳದ ಚೀಟಿಗಳನ್ನೆಲ್ಲ ಹರಡಿಕೊಂಡು, ಕೂಡಿಸಿ, ಹದಿನೇಳು ಸಾವಿರದ ನಾನೂರು ಎಂದು ಬರೆದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಯ್ಯೋ ಪೆದ್ದಿ, ಪೋಪ್‌ಗೆ ಅರ್ಜಿ ಹಾಕ್ತಿದ್ದೀಯಾ? ಅವ್ರೇನು ಮನೆಗೆ ಬಂದು ಡಬ್ಬಿ ತೆಗೆದು ನೋಡ್ತಾರಾ?" ಎಂದು ನಿನ್ನ ಆದಾಯವನ್ನು ದುಪ್ಪಟ್ಟು ಮಾಡಿ ಬರೆದೆ. ನಿನ್ನ ಕಾರ್ಡಿಗೆ ಎಂಟು ಸಾವಿರದ ಮಿತಿ ಬಂತು, ನನ್ನದಕ್ಕೆ ಐನೂರು. ನಿಮ್ಮಣ್ಣನ ಮುಂದೆ ನನ್ನನ್ನು "ಐನೂರು ಡಾಲರಿನ ಮಹಾರಾಣಿ" ಎಂದು ಕರೆದೆ. ಅವನು ನಕ್ಕ, ನಾನೂ ನಕ್ಕೆ. ಹಾಗೆ ನಕ್ಕದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಿನ್ನ ಬೊಗಳೆಯಿಂದ ನನಗೊಬ್ಬಳಿಗೇ ನಷ್ಟವಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ನಮ್ಮ ಮಗಳು ನೆಟ್ಟಿಯ ಕಿವಿಯ ವಿಷಯಕ್ಕೆ ಬಂದೆಯಲ್ಲ! ಅವಳ ಎರಡು ಕಿವಿಗೂ ಶ್ರವಣಯಂತ್ರ ಬೇಕೆಂದು ಡಾಕ್ಟರು ಬರೆದುಕೊಟ್ಟರು, ವಿಮೆಯವರು ಆಗುವುದಿಲ್ಲವೆಂದರು. ನೀನು ಕೋರ್ಟಿಗೆ ಹರಿದ ಜಾಕೆಟ್ ಹಾಕಿಕೊಂಡು ಬಂದು, ಬಲಗೈ ಎತ್ತಿ ಪ್ರಮಾಣ ಮಾಡಿ, "ಚಾವಣಿ ಕೆಲಸ ಈಗೆಲ್ಲಿದೆ ಸಾರ್? ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ ಸಿಕ್ಕಿದ್ರೆ ಪುಣ್ಯ" ಎಂದೆ. ಜಡ್ಜು ಪಾಪ ಎಂದುಕೊಂಡು, ಮಗಳ ಖರ್ಚಿಗೆ ನೀನು ಕೊಡಬೇಕಾದ ತಿಂಗಳ ಪಾಲು ಇಳಿಸಿದರು. ಯಂತ್ರದ ಖರ್ಚು ನನ್ನ ತಲೆಗೆ ಬಂತು, ಇವತ್ತಿಗೂ ಹೊಂದಿಸಲಾಗಿಲ್ಲ. ಒಂಬತ್ತು ವರ್ಷದ ಕೂಸು ಟೀಚರ ತುಟಿ ನೋಡಿಕೊಂಡು ಪಾಠ ಕಲಿಯುತ್ತಿದೆ. "ಅಮ್ಮಾ, ಟೀಚರ್ ಬೋರ್ಡ್ ಕಡೆ ತಿರುಗಿದ್ರೆ ನಂಗೆ ಕ್ಲಾಸೇ ಮುಗಿದ ಹಾಗೆ" ಎಂದು ಒಂದು ದಿನ ನಗುತ್ತಲೇ ಹೇಳಿದಳು. ಅವಳು ನಕ್ಕಳು, ನನಗೆ ನಿನ್ನ ಕುತ್ತಿಗೆ ಹಿಸುಕಬೇಕೆನ್ನಿಸಿತು.

ಅದೇ ತಿಂಗಳು ನೀನು ಸರೋವರಕ್ಕೆ ಹೊಸ ದೋಣಿ ಇಳಿಸಿದೆ. ಫೋಟೋ ನೋಡಿ ನನ್ನ ವಕೀಲೆ ಪ್ರೂಟ್ ಕನ್ನಡಕ ಮೇಲೇರಿಸಿದರು. "ಕೋರ್ಟಲ್ಲಿ ಗೋಳೋ ಅನ್ನೋ ಗಂಡಸರು ಬ್ಯಾಂಕಲ್ಲಿ ಮೀಸೆ ತಿರುವ್ತಾರಮ್ಮ. ಇವನ ಕಾರ್ಡಿನ ಅರ್ಜಿ ತರಿಸೋಣ" ಎಂದರು. ಕೋರ್ಟಿನ ಆದೇಶದ ಮೇಲೆ ಅರ್ಜಿ ಬಂತು. ನೀನು ಪ್ರಮಾಣ ಮಾಡಿದ ಒಂಬತ್ತನೆಯ ದಿನದ ಅರ್ಜಿ. ವಾರ್ಷಿಕ ಆದಾಯ ತೊಂಬತ್ತಾರು ಸಾವಿರ. 'ಮೇಲಿನದೆಲ್ಲ ಸತ್ಯ' ಎಂಬುದರ ಕೆಳಗೆ ನಿನ್ನ ಸಹಿ. ಮಂಗಳವಾರದ ವಿಚಾರಣೆ ಅದರ ಮೇಲೆಯೇ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಜಡ್ಜು ಆ ತೊಂಬತ್ತಾರನ್ನೇ ಹಿಡಿದು ನಿನ್ನನ್ನು ಹಿಂಡಿಬಿಡುತ್ತಿದ್ದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಅದನ್ನೇ ಯೋಚಿಸಿ ಸುಖಪಟ್ಟೆ. ಕೊನೆಗೆ, ಸುಳ್ಳು ಲೆಕ್ಕದಿಂದ ಬಂದ ಯಂತ್ರ ನನ್ನ ಮಗಳ ಕಿವಿಗೆ ಬೇಡ ಅನ್ನಿಸಿತು. ಅದಕ್ಕೇ ನೀನು ಕೇಳಿದ್ದನ್ನೇ ಕೊಡುತ್ತೇನೆ. ಹೌದು ಸಾರ್, ಬ್ಯಾಂಕಿಗೆ ಬರೆದದ್ದು ಶುದ್ಧ ಸುಳ್ಳು, ಇವನ ಹಳೆಯ ಚಾಳಿ ಎನ್ನುತ್ತೇನೆ. ಬ್ಯಾಂಕಿಗೆ ಸುಳ್ಳು ಬರೆಯುವುದು ಅಪರಾಧ. ಕೋರ್ಟಿನ ಬೆರಳಚ್ಚುಗಾರ್ತಿ ನನ್ನ ಮಾತನ್ನು ಒಂದಕ್ಷರ ಬಿಡದೆ ದಾಖಲು ಮಾಡಿಕೊಳ್ಳುತ್ತಾಳೆ.

ಆಮೇಲೆ ನೀನು ಕೇಳದೇ ಇದ್ದದ್ದನ್ನೂ ಹೇಳುತ್ತೇನೆ. ಕಳೆದ ವರ್ಷ ಚಾವಣಿ ಹಾಕಿಸಿಕೊಂಡು ನಿನ್ನ ಕೈಗೆ ನಗದು ಎಣಿಸಿಕೊಟ್ಟ ಹನ್ನೊಂದು ಮನೆಯವರ ಹತ್ತಿರವೂ ಹೋಗಿ ಬಂದಿದ್ದೇನೆ. ಅವರ ಮಕ್ಕಳಿಗೆ ದಿನಾ ಮಧ್ಯಾಹ್ನ ಊಟ ಬಡಿಸುವವಳು ನಾನು. ಎಷ್ಟೆಷ್ಟು ಕೊಟ್ಟೆವೆಂದು ಹನ್ನೊಂದು ಮನೆಯವರೂ ಬರೆದುಕೊಟ್ಟಿದ್ದಾರೆ. ನೀನು ಕೋರ್ಟಿನಲ್ಲಿ ಒಪ್ಪಿಕೊಂಡ ಇಪ್ಪತ್ತನಾಲ್ಕನ್ನೂ ಸೇರಿಸಿದರೆ ನಿನ್ನ ನಿಜವಾದ ಆದಾಯ ಐವತ್ತೆಂಟು ಸಾವಿರ. ಅಷ್ಟು ಸಾಕು, ನೆಟ್ಟಿಯ ಯಂತ್ರಕ್ಕೆ ನಿನ್ನ ಪಾಲು ಅದರಲ್ಲೇ ಹೊರಡುತ್ತದೆ. ಬ್ಯಾಂಕಿಗೂ ಕಳ್ಳ, ಕೋರ್ಟಿಗೂ ಕಳ್ಳ ಎಂದು ಒಂದೇ ಬೆಳಿಗ್ಗೆ ಸಾಬೀತಾಗುತ್ತೀಯ ಡ್ವೇನ್, ಅದೂ ನಾನು ಒಂದೇ ಒಂದು ಸುಳ್ಳು ಹೇಳದೆ.

ದೇವರು ನಿನಗೆ ಗಟ್ಟಿ ಮೈ ಕೊಡಲಿ, ಕೈತುಂಬ ಕೆಲಸ ಕೊಡಲಿ, ಏಣಿಯ ಮೇಲೆ ಕಾಲು ಜಾರದಿರಲಿ. ನೆಟ್ಟಿಗೆ ಹದಿನೆಂಟು ತುಂಬಲು ಇನ್ನೂ ಒಂಬತ್ತು ವರ್ಷವಿದೆ. ಅಲ್ಲಿಯ ತನಕ ನೀನು ಒಂದು ತಿಂಗಳೂ ಸಾಯಕೂಡದು.

ಮಂಗಳವಾರ ಒಂಬತ್ತು ಗಂಟೆಗೆ ಎದುರು ಕುರ್ಚಿಯಲ್ಲಿ ಸಿಗುವ,
ಬರ್ನಡೆಟ್