ನಲವತ್ತೊಂದು ತೊಳೆದ ಬಾಟಲಿಗಳು ಮತ್ತು ನನ್ನ ರುಜು

ದ್ವೀಪಾಂತರ ವಿದ್ಯಾನಿಧಿಯ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ತಮ್ಮನ ಮಗಳು ಲೊಸಾಲಿನೆ ಬರುವ ಸೋಮವಾರ ಹೋಟೆಲ್ ನಿರ್ವಹಣೆ ಓದಲು ಆಕ್ಲೆಂಡಿಗೆ ಹೊರಡುತ್ತಿದ್ದಾಳೆ. ಅವಳಿಗೆ ಬೇಕಿದ್ದದ್ದು ಭೂವಿಜ್ಞಾನ. ಅರ್ಜಿಯಲ್ಲಿ ಹಾಗೆ ಬರೆದಿಲ್ಲವಲ್ಲ ಎನ್ನುತ್ತೀರಿ. ಹೌದು, ಬರೆದವಳು ನಾನು, ರುಜು ಹಾಕಿದವಳೂ ನಾನು. ಅದನ್ನು ತಿದ್ದಿಕೊಡಿ ಎಂದು ಮೂರು ಸಲ ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದೆ. ಕೋರ್ಸು ಬದಲಿಸಲು ಶುಕ್ರವಾರವೇ ಕೊನೆಯ ದಿನವಂತೆ. ಇನ್ನು ಇಡೀ ಟೋಂಗಾ ಓದುವ ಹಾಗೆ ಪತ್ರಿಕೆಯಲ್ಲಿ ನನ್ನ ಮಾನ ನಾನೇ ಕಳೆದುಕೊಳ್ಳುವುದೊಂದೇ ನನಗೆ ಉಳಿದಿರುವ ದಾರಿ.

ತಮ್ಮ ಸಮಿತಿ ವರ್ಷಕ್ಕೊಂದು ಆದ್ಯತಾ ಪಟ್ಟಿ ಹೊರಡಿಸುತ್ತದೆ, ಯಾವ ಓದಿಗೆ ಯಾವ ನೌಕರಿ ಎಂದು. ಮೂರು ವರ್ಷದ ಹಿಂದೆ ಅದರ ತಲೆಯ ಮೇಲೆ ವಾಣಿಜ್ಯ ಆಡಳಿತ ಕೂತಿತ್ತು. ಪಕ್ಕದ ಮನೆಯ ವಿಲಿಯಾಮಿ ಅದನ್ನು ನಂಬಿ ಓದಿ ಬಂದ. ಬರುವಷ್ಟರಲ್ಲಿ ಪಟ್ಟಿ ಬದಲಾಗಿತ್ತು. ಈಗ ಅವನು ಆಸ್ಟ್ರೇಲಿಯಾದ ತೋಟವೊಂದರಲ್ಲಿ ಕಿತ್ತಳೆ ಕೀಳುತ್ತ ಏಣಿಯ ಮೇಲೆ ಆಡಳಿತ ನಡೆಸುತ್ತಿದ್ದಾನೆ. ಈ ವರ್ಷ ಹೋಟೆಲ್ ನಿರ್ವಹಣೆಗೆ ಪಟ್ಟ ಕಟ್ಟಿದ್ದೀರಿ. ಭೂವಿಜ್ಞಾನದ ಎದುರು ‘ಉದ್ಯೋಗಾವಕಾಶ ಕ್ಷೀಣ’ ಎಂದು ಅಚ್ಚಾಗಿದೆ. ಸ್ವಾಮಿ, ಕಡಲೊಳಗೆ ಬೆಂಕಿ ಇಟ್ಟುಕೊಂಡು ಕೂತಿರುವ ದೇಶ ನಮ್ಮದು! ಆವತ್ತು ಕಡಲೊಳಗಿನ ಜ್ವಾಲಾಮುಖಿ ಸಿಡಿದು ಹಾಡುಹಗಲೇ ಕತ್ತಲಾಗಿ ತಲೆಯ ಮೇಲೆ ಬೂದಿ ಸುರಿದಾಗ ನಾವು ಒಬ್ಬರನ್ನೊಬ್ಬರು ಏನು ಕೇಳಿದೆವು? ಹೋಟೆಲಿನಲ್ಲಿ ಕೋಣೆ ಖಾಲಿ ಇದೆಯೇ ಎಂದೇ?

ಲೊಸಾಗೆ ಆಗ ಹದಿನಾಲ್ಕು. ಊರಿಗೆ ಊರೇ ಬೂದಿ ಗುಡಿಸಿ ಎಸೆಯುತ್ತಿದ್ದರೆ ಇವಳು ಅದನ್ನು ಕೂಡಿಡುತ್ತಿದ್ದಳು. ಚರ್ಚಿನ ಮೆಟ್ಟಿಲಿನದು, ನೀರಿನ ತೊಟ್ಟಿಯದು, ದಾಸವಾಳದ ಎಲೆಯ ಮೇಲಿನದು, ಎಲ್ಲಕ್ಕೂ ಬೇರೆ ಬೇರೆ ಬಾಟಲಿ, ಮೇಲೆ ತಾರೀಖು, ಜಾಗ.

“ಅತ್ತೆ, ಇಲ್ನೋಡಿ. ಚರ್ಚ್ ಹತ್ರದ್ದು ತರಿತರಿ, ಆ ಕಡೆ ದ್ವೀಪದ್ದು ಹಿಟ್ಟಿನ ಥರ. ಯಾಕೆ ಗೊತ್ತಾ?”

“ನಂಗೇನು ಗೊತ್ತಮ್ಮ. ನನ್ನ ಜಾಮಿನ ಬಾಟಲಿ ಎಲ್ಲಾ ಖಾಲಿ ಮಾಡಿದೀಯ, ಅಷ್ಟು ಗೊತ್ತು. ಏನೇ, ಬೂದಿ ವ್ಯಾಪಾರ ಮಾಡ್ತೀಯಾ?”

ನಗುತ್ತಿದ್ದಳು. ನಾಲ್ಕು ವರ್ಷದಲ್ಲಿ ನಲವತ್ತೊಂದು ಬಾಟಲಿಗಳಾದವು.

ಹಾಗಿದ್ದೂ ನಾನೇಕೆ ಹೋಟೆಲ್ ಎಂದು ಬರೆದೆ? ಭಯಕ್ಕೆ. ನಾನು ಇಷ್ಟಪಟ್ಟು ಚರ್ಚ್ ಸಂಗೀತ ಕಲಿತವಳು. ಕಲಿತು ಬಂದಮೇಲೆ ಇಪ್ಪತ್ತು ವರ್ಷ ಚಾಪೆ ಹೆಣೆದು ಹೊಟ್ಟೆ ಹೊರೆದೆ, ಬೆರಳು ಹೇಗಾಗಿವೆ ಎಂದು ಬಂದು ನೋಡಿ. ಈ ಮಗುವಿಗೆ ಅದು ಬೇಡ ಎನ್ನಿಸಿತು. ಭಾನುವಾರ ಊಟಕ್ಕೆ ಎಲ್ಲರೂ ಕೂತಾಗ ತಮ್ಮ ಪಟ್ಟಿಯನ್ನು ಬೈಬಲ್ಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಓದಿ, ಹೋಟೆಲ್ ಎಂದೆ. ನನ್ನ ತಮ್ಮ ಹಾವಿಲಿ, “ಅಕ್ಕ, ನೀನು ಹೇಳಿದ್ಮೇಲೆ ಮುಗೀತಲ್ಲ, ಊಟ ಮಾಡು” ಎಂದ. ಲೊಸಾ ಸೋದರತ್ತೆಗೆ ಸಲ್ಲುವ ಮಾಂಸದ ಮೊದಲ ತುಂಡನ್ನು ನನ್ನ ತಟ್ಟೆಗೆ ಬಡಿಸಿದಳು. ಒಪ್ಪಿದಳು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು!

ನನ್ನದು ಹಾಗಿರಲಿ, ತಮ್ಮದೇನಾಗಿತ್ತು? ಸಂದರ್ಶನದಲ್ಲಿ “ಇದು ನಿನ್ನದೇ ಆಯ್ಕೆ ಏನಮ್ಮಾ?” ಎಂದು ತಾವೇ ಕೇಳಿದಿರಿ. ದೊಡ್ಡವರೆದುರು ಹೋಗುವಾಗಿನ ನಮ್ಮ ವಾಡಿಕೆಯಂತೆ ಸೊಂಟಕ್ಕೆ ಮರ್ಯಾದೆಯ ಚಾಪೆ ಸುತ್ತಿಕೊಂಡು ನಾನು ಅವಳ ಮಗ್ಗುಲಲ್ಲೇ ಕೂತಿದ್ದೆ. ಅವಳು ನೆಲ ನೋಡುತ್ತ, “ಅತ್ತೆ ಹೇಳಿದ್ದೇ ನನ್ನ ಆಯ್ಕೆ” ಎಂದಳು. “ಎಂಥಾ ಸಂಸ್ಕಾರ!” ಎಂದು ತಾವು ತಲೆದೂಗಿ ಒಪ್ಪಿಗೆ ಎಂದು ಗುರುತು ಹಾಕಿದಿರಿ. ನಮ್ಮ ಮನೆಗಳಲ್ಲಿ ಅಪ್ಪನ ಮಾತನ್ನಾದರೂ ಮೀರಬಹುದು, ಅಪ್ಪನ ಅಕ್ಕನೆದುರು ಮಕ್ಕಳು ‘ಇಲ್ಲ’ ಎನ್ನುವುದುಂಟೇ? ತಾವೂ ಇಲ್ಲಿಯವರೇ, ತಮಗೂ ಸೋದರತ್ತೆ ಇದ್ದಾರು. ಅವರೆದುರು ತಾವು ಇಂದಿಗೂ ಕಾಲು ಚಾಚಿ ಕೂರಲಾರಿರಿ. ಹಾಗಿರುವಾಗ ಅವಳ ಆ ಮಾತನ್ನು ಒಪ್ಪಿಗೆ ಎಂದು ಹೇಗೆ ಬರೆದುಕೊಂಡಿರಿ?

ಕಳೆದ ಮಂಗಳವಾರ ಲೊಸಾ ನನ್ನ ಮನೆಗೆ ಬುಟ್ಟಿ ಹೊತ್ತು ತಂದಳು. ನಲವತ್ತೊಂದು ಬಾಟಲಿಗಳು, ಫಳಫಳ ತೊಳೆದವು. ಚೀಟಿಯ ಅಂಟು ಕೂಡ ಉಳಿಯದಂತೆ ಉಜ್ಜಿದ್ದಳು.

“ಬಾಟಲಿ ಬೇಕು ಅಂತಿದ್ರಲ್ಲ ಅತ್ತೆ. ತಗೊಳಿ.”

“ಬೂದಿ ಎಲ್ಲೇ?”

“ಹಲಸಿನ ಬುಡಕ್ಕೆ ಹಾಕ್ದೆ. ಇನ್ಯಾಕೆ ಅದು?”

ಸಿಟ್ಟಿಲ್ಲ, ಅಳುವಿಲ್ಲ. ಸಿಟ್ಟು ಮಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಹೋದಮೇಲೆ ನಾನು ಆ ಬಾಟಲಿಗಳ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನವೇ ತಮ್ಮ ಗುಮಾಸ್ತರ ಮುಂದೆ ನಿಂತೆ. “ಹುಡುಗೀನೇ ಬರ್ಕೊಡ್ಲಿ ಅಮ್ಮಾ, ಅತ್ತೆ ಮಾಡಿದ ಆಯ್ಕೆ ನಂಗೊಪ್ಪಿಗೆ ಇಲ್ಲ ಅಂತ. ಒಂದೇ ಸಾಲು.”

“ನಿನ್ನ ಸೋದರತ್ತೆ ಮೇಲೆ ನೀನು ಹಾಗೆ ಬರ್ಕೊಡ್ತೀಯೇನಪ್ಪಾ?”

“ಅಯ್ಯೋ, ಬಿಡ್ತು ಅನ್ನಿ!” ಎಂದು ನಾಲಿಗೆ ಕಚ್ಚಿಕೊಂಡರು. ಆಮೇಲೆ ಅದೇ ನಿಯಮವನ್ನು ಮತ್ತೊಮ್ಮೆ ಓದಿ ಹೇಳಿದರು. ಬರೆದುಕೊಡೇ ಎಂದು ನಾನು ಲೊಸಾಗೂ ಹೇಳಿ ನೋಡಿದೆ. “ನಿಮ್ಮ ವಿರುದ್ಧ ಕಾಗದ ಬರೆಯೋದಾ? ಬೇಡ ಅತ್ತೆ, ನಾನು ಹೋಟೆಲೇ ಓದ್ತೀನಿ” ಎಂದಳು. ಕೈಮುಗಿದೆ, ಆಗಲಿಲ್ಲ.

ಅವಳು ಬರೆಯಲಾರದ ಆ ಸಾಲನ್ನು ನಾನೇ ಬರೆಯುತ್ತಿದ್ದೇನೆ: ಫಾತಾಯಿ ಎಂಬ ಸೋದರತ್ತೆ ಮಾಡಿದ ಆಯ್ಕೆ ತಪ್ಪು, ಅದಕ್ಕೆ ಫಾತಾಯಿಯ ಒಪ್ಪಿಗೆ ಇಲ್ಲ. ಓದಿ ಬಂದವಳಿಗೆ ಇಲ್ಲಿ ನೌಕರಿ ಸಿಗುತ್ತದೆಯೇ? ನನಗೆ ಗೊತ್ತಿಲ್ಲ. ತಮಗೂ ಗೊತ್ತಿಲ್ಲ, ವಿಲಿಯಾಮಿಯನ್ನು ಕೇಳಿ. ಸಿಗದಿದ್ದರೆ ಚಾಪೆ ಹೆಣೆಯುವುದನ್ನು ನಾನೇ ಕಲಿಸುತ್ತೇನೆ. ಹೆಣೆಯುವಾಗ ನಾನು ಈಗಲೂ ಹಾಡುತ್ತೇನೆ, ಅದನ್ನು ಕಲಿತದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಈ ಮಾತನ್ನು ಆ ಭಾನುವಾರ ಊಟದ ಮುಂದೆ ಹೇಳಬೇಕಿತ್ತು.

ಗುರುವಾರ ಅವಳನ್ನು ಇನ್ನೊಮ್ಮೆ ಕರೆಸಿ. ನಾನು ಒಳಗೆ ಬರುವುದಿಲ್ಲ, ಗೇಟಿನಾಚೆ ಬಿಸಿಲಲ್ಲಿ ಕೂತಿರುತ್ತೇನೆ. ಈ ಪತ್ರದ ಪ್ರತಿಯ ಜೊತೆ ತಮ್ಮ ಕಚೇರಿಗೆ ಒಂದು ಬಾಟಲಿ ಕಳಿಸಿದ್ದೇನೆ. ನನ್ನ ನೀರಿನ ತೊಟ್ಟಿಯ ತಳಕ್ಕೆ ಇಳಿದು ಕೆರೆದು ತೆಗೆದ ಬೂದಿ ಅದು, ಮೇಲಿನ ತಾರೀಖು ನನ್ನ ಕೈಬರಹ. ಅವಳನ್ನು ಏನೂ ಕೇಳಬೇಡಿ. ಬಾಟಲಿಯನ್ನು ಅವಳ ಮುಂದಿಟ್ಟು, “ನಿಮ್ಮತ್ತೆ ಇದರ ಮೇಲೆ ತಾರೀಖು ಸರಿಯಾಗಿ ಬರೆದಿದ್ದಾರಾ?” ಎಂದಷ್ಟೇ ಅನ್ನಿ. ಅದನ್ನು ಬೇಕೆಂದೇ ತಪ್ಪಾಗಿ ಬರೆದಿದ್ದೇನೆ. ಬೂದಿಯ ವಿಷಯದಲ್ಲಿ ತಪ್ಪು ಬರೆದವಳು ಅತ್ತೆಯೇ ಆದರೂ ಅವಳು ತಿದ್ದದೆ ಬಿಡಲಾರಳು. ಆ ಮಾತು ಮುಗಿಯುವವರೆಗೆ ಕೇಳಿಸಿಕೊಂಡು, ಆಮೇಲೆ ಗುರುತು ಹಾಕಿ.

ಇಂತಿ,
ಆ ಮೊದಲ ತುಂಡು ಇನ್ನೂ ಗಂಟಲಲ್ಲಿಳಿಯದ,
ಫಾತಾಯಿ,
ಲೊಸಾಲಿನೆಯ ಸೋದರತ್ತೆ